ದೋಣಿಯಲ್ಲಿದ್ದವಳು

“ಅಲ್ಲಾಡಬೇಡಿ! ಹಾಗೇ ಇರಿ!”

ದಡದಿಂದ ಬಂದ ಕೂಗಿಗೆ ಟ್ಯಾಬಿತಾಳ ಮೈ ಉರಿಯಿತು. ಬೆಳಗಿನಿಂದ ಥೇಮ್ಸ್ ನದಿಯ ಆ ದಡ ಈ ದಡ ಎಂದು ಜನರನ್ನು ದಾಟಿಸಿ ಅವಳ ರಟ್ಟೆ ಬಿದ್ದುಹೋಗಿತ್ತು. ಅಪ್ಪ ಕೀಲುನೋವಿನಿಂದ ಹಾಸಿಗೆ ಹಿಡಿದ ಮೇಲೆ ದೋಣಿಯ ಹುಟ್ಟು ಅವಳ ಪಾಲಿಗೇ ಬಂದಿತ್ತು.

“ಸುಮ್ನೆ ಇರೋಕೆ ನಾನೇನು ಬಂಗಲೆ ದೊರೆಸಾನಿನಾ ಸಾಹೇಬ್ರೇ? ದಾಟೋದಾದ್ರೆ ಹತ್ತಿ, ಇಲ್ದಿದ್ರೆ ಬಾಯಿ ಮುಚ್ಚಿ!”

ಲಂಡನ್ನಿನಿಂದ ಬಂದಿದ್ದ ಚಿತ್ರಕಾರ ಆಂಬ್ರೋಸ್ ಫೆಲ್ ನಕ್ಕುಬಿಟ್ಟ. “ಹೊತ್ತು ಮುಳುಗೋವರೆಗೆ ಮಾತ್ರ... ಆಮೇಲೆ ಎಷ್ಟು ಬೇಕಾದ್ರೂ ಬೈಯಿರಿ!”

ಬೇಸಿಗೆಯೆಲ್ಲ ಹಾಗೇ ಕಳೆಯಿತು. ಸಂಜೆ ನೀರು ಕೆಂಪಾಗುವಾಗ ಅವಳು ದೋಣಿಯಲ್ಲಿ ಕೂರುತ್ತಿದ್ದಳು, ಅವನು ಚಿತ್ರ ಬರೆಯುತ್ತಿದ್ದ. ಕತ್ತಲಾದ ಮೇಲೆ ಅವನು ತಂದ ಬ್ರೆಡ್ಡು, ಚೀಸನ್ನು ಇಬ್ಬರೂ ಹಂಚಿಕೊಂಡು ತಿನ್ನುತ್ತಿದ್ದರು. ದಣಿದ ಜೀವಕ್ಕೆ ಅದೊಂದೇ ನೆಮ್ಮದಿ. ಆದರೆ ಮನಸ್ಸಿನ ಮಾತನ್ನು ಅವನೂ ಆಡಲಿಲ್ಲ, ಇವಳೂ ಆಡಲಿಲ್ಲ. ಬಾಯಿ ಇದ್ದೂ ಏನು ಬಂತು!

ಸೆಪ್ಟೆಂಬರ್ ಬಂತು. ಮರುದಿನ ಬೆಳಗಿನ ರೈಲಿಗೆ ಅವನು ಹೊರಡುವವನಿದ್ದ. ಕೊನೆಗೊಮ್ಮೆ ಚಿತ್ರ ನೋಡೋಣವೆಂದು ಟ್ಯಾಬಿತಾ ಹತ್ತಿರ ಹೋದಳು.

ನದಿ ಇತ್ತು. ವಿಲೋ ಮರ ಇತ್ತು. ದೋಣಿಯೂ ಇತ್ತು. ಅವಳಿದ್ದ ಜಾಗದಲ್ಲಿ ಚಾಕುವಿನಿಂದ ಕೆರೆದ ಗುರುತು ಮಾತ್ರ!

‘ದೋಣಿ ಬೇಕು, ದೋಣಿಯವಳು ಬೇಡ... ಅಷ್ಟೇನಾ ನಾನು?’

“ನನ್ನ ಮೋರೆ ತೋರಿಸೋಕೆ ಲಂಡನ್ನಿನಲ್ಲಿ ನಾಚಿಕೆ ಆಗುತ್ತಾ ಸಾಹೇಬ್ರೇ?” ಕೂಗಾಡಲೂ ಅವಳಲ್ಲಿ ಶಕ್ತಿ ಉಳಿದಿರಲಿಲ್ಲ.

ಆಂಬ್ರೋಸ್ ತಲೆ ತಗ್ಗಿಸಿದ. “ಚಿತ್ರ ಕೊಳ್ಳೋ ವ್ಯಾಪಾರಿ ಬಂದಿದ್ದ. ‘ಹುಡುಗಿ ಮುಖದಲ್ಲಿ ಬರೀ ಸುಸ್ತು ಕಾಣುತ್ತೆ, ಊಟದ ಕೋಣೆಲಿ ಯಾರು ನೇತುಹಾಕ್ತಾರೆ? ನಗಿಸಿಬಿಡು’ ಅಂದ. ನಗಿಸಿ ನೋಡಿದೆ...”

“ನೋಡಿ?”

“ಆ ನಗೋಳು ನೀವಲ್ಲ. ದಿನವಿಡೀ ಮಲಗಿ ಎದ್ದೋಳು ಯಾರೋ! ಸಿಟ್ಟು ಬಂತು, ಕೆರೆದುಹಾಕಿದೆ.”

“ನನ್ನ ಮುಖ ಹೆಂಗಿದ್ಯೋ ಹಂಗೇ ಬರೀಬಹುದಿತ್ತಲ್ಲ?”

“ಬರೆದ್ರೆ ಮಾರಬೇಕು. ನಿಮ್ಮ ದಣಿವನ್ನ ಮಾರೋಕೆ ನನ್ನ ಕೈಲಾಗಲ್ಲ. ಆ ದಣಿವಲ್ಲಿ ಅರ್ಧ ನನಗೆ ಕೊಡ್ತೀರಾ ಅಂತ ಕೇಳಬೇಕಿತ್ತು. ಧೈರ್ಯ ಬರಲಿಲ್ಲ... ಹೇಡಿ ಥರ ಗಂಟುಮೂಟೆ ಕಟ್ಟಿದೆ.”

ಟ್ಯಾಬಿತಾಳ ಕಣ್ಣು ತುಂಬಿ ಬಂತು.

“ಹೇಡಿಗಳಿಗೆ ಹುಟ್ಟು ಹಾಕೋಕೆ ಬರುತ್ತಾ?”

“ಬರಲ್ಲ. ಕಲಿಸಿ.”

“ಅಂಗೈ ತುಂಬ ಬೊಬ್ಬೆ ಏಳುತ್ತೆ.”

“ಏಳಲಿ... ನನ್ನನ್ನ ಮದುವೆ ಆಗ್ತೀರಾ?”

ಅವಳು ಅವನ ಪಕ್ಕದಲ್ಲಿ ಹುಲ್ಲಿನ ಮೇಲೆ ಕುಸಿದು ಕೂತು, ಭುಜಕ್ಕೆ ತಲೆ ಆನಿಸಿ ಕಣ್ಣು ಮುಚ್ಚಿದಳು.

ಆಚೆ ದಡದಿಂದ ಯಾರೋ ಕೂಗಿದರು. “ದೋಣೀ...!”

“ಟ್ಯಾಬಿತಾ, ಯಾರೋ ಕರೀತಿದ್ದಾರೆ.”

“ಕರೀಲಿ ಬಿಡು, ಆಂಬ್ರೋಸ್,” ಎಂದಳು ಅವಳು ಕಣ್ಣು ತೆರೆಯದೆ. “ಸ್ವಲ್ಪ ಕಾಯಲಿ.”