ಸೆಪ್ಟೆಂಬರಿನ ಅಂಕ

ಮಾರ್ಚ್ ಹತ್ತು, ಮಂಗಳವಾರ, ಬೆಳಿಗ್ಗೆ ಒಂಬತ್ತು ಇಪ್ಪತ್ತು. ಓಹಾಯೋದ ಹಾರ್ಲನ್ ಫೆರಿ ಪೊಲೀಸ್ ಠಾಣೆಯ ಕೌಂಟರಿಗೆ ಅರ್ನೆಸ್ಟೀನ್ ಹಾಲಿಸ್ ಎಂಬ ಅರವತ್ತೆಂಟರ ಹೆಂಗಸು ಬಂದು, ಚರ್ಚಿಗೆ ಹಾಕಿಕೊಳ್ಳುವ ಹ್ಯಾಟನ್ನು ತೆಗೆಯದೆಯೇ ನಿಂತಳು. ಕೌಂಟರಿನಲ್ಲಿದ್ದವನು ಆಫೀಸರ್ ಪೆಟ್ರೊಸ್ಕಿ.

"ಏನು ಕಳುವಾಗಿದೆ, ಮೇಡಂ?"

"ನನ್ನ ಮೊಮ್ಮಗಳ ಬುದ್ಧಿ."

ಪೆಟ್ರೊಸ್ಕಿ ಪೆನ್ನು ಕೆಳಗಿಟ್ಟ. "ಅದಕ್ಕೆ ನಮ್ಮಲ್ಲಿ ಬೇರೆ ಕೌಂಟರ್ ಇಲ್ವಲ್ಲ."

"ನಗಬೇಡ ಮಗಾ. ನಿಮ್ಮಮ್ಮ ಡೊರೋತಿ ನನಗೆ ಗೊತ್ತು. ನೀನು ಮೂರನೇ ಕ್ಲಾಸಲ್ಲಿ ಎರಡು ಸಲ ಕೂತಿದ್ದೂ ಗೊತ್ತು."

ಹಿಂದಿನ ಮೇಜಿನಲ್ಲಿ ಕಾಫಿ ಕುಡಿಯುತ್ತಿದ್ದ ಡಿಟೆಕ್ಟಿವ್ ವರ್ನಾ ಟಾಲ್ಬರ್ಟ್ ತಲೆ ಎತ್ತಿದಳು. ಪೆಟ್ರೊಸ್ಕಿಯ ಕಿವಿ ಕೆಂಪಾಗುವುದನ್ನು ನೋಡುವುದು ಅಪರೂಪ. ಅವಳು ಎದ್ದು ಬಂದು ಹಾಲಿಸ್‌ಗೆ ಕುರ್ಚಿ ತೋರಿಸಿದಳು.

ಹಾಲಿಸ್ ಕೈಚೀಲದಿಂದ ತೆಗೆದದ್ದು ಒಂದು ಬಹುಮಾನ ಪತ್ರ. ಕಿಲ್ಬರ್ನ್ ಸ್ಟ್ರೀಟ್ ಚಾರ್ಟರ್ ಶಾಲೆಯ ಮೂರನೇ ತರಗತಿಯ ಟಮೀಯಾ ಹಾಲಿಸ್ ಸೆಪ್ಟೆಂಬರಿನಿಂದ ಫೆಬ್ರವರಿಯೊಳಗೆ ಮೂರು ತರಗತಿಗಳಷ್ಟು ಬೆಳವಣಿಗೆ ತೋರಿಸಿದ್ದಾಳೆ ಎಂದು ಅದರಲ್ಲಿ ಬಂಗಾರದ ಬಣ್ಣದಲ್ಲಿ ಅಚ್ಚಾಗಿತ್ತು.

"ಬಹುಮಾನ ಬಂದಿದೆ ಅಂತ ದೂರಾ?" ಟಾಲ್ಬರ್ಟ್ ಕೇಳಿದಳು.

"ಸೆಪ್ಟೆಂಬರಲ್ಲಿ ಅವಳು ಒಂದನೇ ಕ್ಲಾಸಿನ ಮಟ್ಟದಲ್ಲಿ ಇದ್ಲು ಅಂತಾರೆ. ಆರು ವರ್ಷಕ್ಕೇ ಚರ್ಚಲ್ಲಿ ಎದ್ದು ನಿಂತು ಪ್ರಕಟಣೆ ಓದಿದ ಹುಡುಗಿ ಅವಳು! ಆ ಅಂಕ ನೋಡಿ ಇಡೀ ಚಳಿಗಾಲ ಲೈಬ್ರರಿ ಬಿಡಿಸಿ, ವಿಜ್ಞಾನ ಬಿಡಿಸಿ, ಹಿಂದುಳಿದವರ ಕೋಣೇಲಿ ಎ ಬಿ ಸಿ ತಿದ್ದಿಸಿದ್ರು. ಈಗ ಮನೇಲಿ ಪುಸ್ತಕ ಮುಟ್ಟಲ್ಲ. 'ಅಜ್ಜಿ, ನಾನು ದಡ್ಡಿ, ಕಂಪ್ಯೂಟರೇ ಹೇಳಿದೆ' ಅಂತಾಳೆ." ಹಾಲಿಸ್ ಪತ್ರವನ್ನು ಮಡಚಿದಳು. "ಆ ಪರೀಕ್ಷೆ ಅವಳು ಬರೆದದ್ದಲ್ಲ. ಯಾರೋ ಅವಳ ಹೆಸರಲ್ಲಿ ಬರೆದಿದ್ದಾರೆ. ಯಾರು ಅಂತ ನನಗೆ ಬೇಕು. ಆಮೇಲೆ ಬ್ಯಾಡ್ಜ್ ಹಾಕಿರೋ ಯಾರಾದ್ರೂ ಬಂದು ಅವಳ ಮುಖ ನೋಡಿ, ಅದು ನೀನಲ್ಲ ಅಂತ ಹೇಳ್ಬೇಕು. ನಾನು ಹೇಳಿದ್ರೆ ನಂಬಲ್ಲ. ಅಜ್ಜಿ ಅಲ್ವಾ."

ಟಾಲ್ಬರ್ಟ್ ದೂರು ದಾಖಲಿಸಿಕೊಂಡು ಸಹಿ ಹಾಕಿಸಿದಳು.

ಠಾಣೆಯ ಕ್ಯಾಪ್ಟನ್ನಿಗೆ ಇದು ಇಷ್ಟವಾಗಲಿಲ್ಲ. ಚಾರ್ಟರ್ ಶಾಲೆ ಎಂದರೆ ಸರ್ಕಾರದ ಹಣದಲ್ಲಿ, ಸ್ವಂತ ಆಡಳಿತದಲ್ಲಿ, ಕರಾರಿನ ಮೇಲೆ ನಡೆಯುವ ಶಾಲೆ. ಕಿಲ್ಬರ್ನ್ ಸ್ಟ್ರೀಟಿನ ಕರಾರು ಈ ವರ್ಷ ಮುಗಿಯುತ್ತಿತ್ತು; ನವೀಕರಿಸಬೇಕೋ ಮುಚ್ಚಬೇಕೋ ಎಂದು ಮುಂದಿನ ವಾರದ ಗುರುವಾರ ಶಿಕ್ಷಣ ಮಂಡಳಿ ಮಕ್ಕಳ ಅಂಕ ನೋಡಿ ಮತ ಹಾಕುವುದಿತ್ತು.

"ಗುರುವಾರ ಕಳೀಲಿ, ವರ್ನಾ. ಮುನ್ನೂರು ಮಕ್ಕಳ ಅಪ್ಪ ಅಮ್ಮಂದಿರು ನಮ್ಮ ಬಾಗಿಲಿಗೆ ಬರ್ತಾರೆ."

"ಗುರುವಾರ ಕಳೆದ್ರೆ ಸುಳ್ಳು ಅಂಕದ ಮೇಲೆ ಮತ ಬೀಳುತ್ತೆ, ಸರ್. ಗೊತ್ತಿದ್ದೂ ಸುಮ್ಮನಿದ್ದವರಲ್ಲಿ ನಾವೂ ಸೇರ್ತೀವಿ."

"ಅಂಕ ಸುಳ್ಳು ಅಂತ ಯಾರು ಹೇಳಿದ್ದು?"

"ಇನ್ನೂ ಯಾರೂ ಇಲ್ಲ. ಅದಕ್ಕೇ ಹೋಗ್ತಿರೋದು."

ಪರೀಕ್ಷೆ ನಡೆಸುವ ಕಂಪನಿಗೆ ನ್ಯಾಯಾಲಯದ ಆದೇಶ ಹೋಯಿತು. ಶುಕ್ರವಾರ ಮಧ್ಯಾಹ್ನ ಉತ್ತರ ಬಂತು. ಟಮೀಯಾ ಸೆಪ್ಟೆಂಬರ್ ಹದಿನೆಂಟರಂದು ತರಗತಿಯಲ್ಲಿ ಕೂತು ಪರೀಕ್ಷೆ ಬರೆದಿದ್ದಳು. ನಾಲ್ಕನೇ ತರಗತಿಯ ಮಟ್ಟದ ಅಂಕ ಬಂದಿತ್ತು. ಎರಡು ದಿನ ಬಿಟ್ಟು ಶಾಲೆಯ ಯಾರೋ ಮೇಲ್ವಿಚಾರಕರ ಪಾಸ್‌ವರ್ಡ್ ಬಳಸಿ ಅದನ್ನು ರದ್ದು ಮಾಡಿದ್ದರು. ಅದೇ ದಿನ ಬೆಳಿಗ್ಗೆ, ಶಾಲೆಯ ಸ್ಟಾಫ್ ರೂಮಿನ ಕಂಪ್ಯೂಟರಿನಿಂದಲೇ ಅವಳ ಹೆಸರಿನಲ್ಲಿ ಮರುಪರೀಕ್ಷೆ ನಡೆದಿತ್ತು. ಮೂರನೇ ತರಗತಿಯ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳಿಗೆ ಹೀಗೆಯೇ ಆಗಿತ್ತು. ಎಲ್ಲರೂ ಮೊದಲ ಸಲ ಚೆನ್ನಾಗಿ ಬರೆದವರೇ.

ಪೆಟ್ರೊಸ್ಕಿ ಕಾಗದವನ್ನು ತಿರುಗಿಸಿ ನೋಡಿದ. "ಅಂಕ ಜಾಸ್ತಿ ಮಾಡೋ ಕಳ್ಳರನ್ನ ನೋಡಿದ್ದೆ. ಕಡಿಮೆ ಮಾಡೋರನ್ನ ಇದೇ ಮೊದಲು ನೋಡ್ತಿರೋದು."

"ಮಂಡಳಿ ನೋಡೋದು ಮಗು ಎಲ್ಲಿದೆ ಅಂತ ಅಲ್ಲ, ಎಷ್ಟು ಮೇಲೆ ಬಂತು ಅಂತ. ಮೇಲಿನ ತುದೀನ ಎಳೆಯೋಕೆ ಆಗ್ಲಿಲ್ಲ, ಕೆಳಗಿನ ತುದೀನ ಇನ್ನೂ ಕೆಳಗೆ ತಳ್ಳಿದ್ದಾರೆ," ಎಂದಳು ಟಾಲ್ಬರ್ಟ್. "ಸೆಪ್ಟೆಂಬರ್ ಇಪ್ಪತ್ತು ಯಾವ ವಾರ?"

"ಶನಿವಾರ."

ಅವಳು ಹಾಲಿಸ್‌ಗೆ ಫೋನ್ ಮಾಡಿದಳು.

"ಶನಿವಾರನಾ? ಶನಿವಾರ ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ ಆ ಹುಡುಗಿ ನನ್ನ ಮೊಣಕಾಲ ಮಧ್ಯೆ ಕೂತಿರ್ತಾಳೆ, ಡಿಟೆಕ್ಟಿವ್. ಜಡೆ ಹಾಕ್ತಿರ್ತೀನಿ. ಅಲ್ಲಾಡಿದ್ರೆ ಬಾಚಣಿಗೆ ಏಟು. ಇಡೀ ಬೀದಿಗೆ ಗೊತ್ತು."

ಮೇಲ್ವಿಚಾರಕರ ಪಾಸ್‌ವರ್ಡ್ ಗೊತ್ತಿದ್ದವರು ಮೂವರು: ಪ್ರಿನ್ಸಿಪಾಲ್ ಬ್ರೆಂಟ್ ಗೇದರ್, ಕಂಪ್ಯೂಟರ್ ನೋಡಿಕೊಳ್ಳುವ ರೂಡಿ ಸ್ಯಾಲಜಾರ್, ಮತ್ತು ಪರೀಕ್ಷೆಗಳ ಸಂಯೋಜಕಿ ಕೊರೀನ್ ಡ್ರಮಂಡ್. ಸೋಮವಾರ ಟಾಲ್ಬರ್ಟ್ ಸ್ಟಾಫ್ ರೂಮಿನ ಮಹಜರು ಮಾಡಿ ಕಂಪ್ಯೂಟರನ್ನು ವಶಕ್ಕೆ ತೆಗೆದುಕೊಂಡಳು. ಬಾಗಿಲು ತೆರೆಯುವ ಕಾರ್ಡುಗಳ ದಾಖಲೆಯಿಂದ ಏನೂ ಸಿಗಲಿಲ್ಲ. ಆ ಶನಿವಾರ ಶಾಲೆಯಲ್ಲಿ ಚಂದಾ ಎತ್ತುವ ಪ್ಯಾನ್‌ಕೇಕ್ ಉಪಾಹಾರವಿತ್ತು. ಮೂವರೂ ಬಂದಿದ್ದರು, ಬೆಳಗಿನಿಂದ ಸಂಜೆಯ ತನಕ ಒಳಗೆ ಹೊರಗೆ ಓಡಾಡಿದ್ದರು.

ಗೇದರ್ ಕಾರಿಡಾರಿನಲ್ಲಿ ಅವಳ ಬೆನ್ನಿಗೇ ನಡೆದ. ಶಿಕ್ಷಣ ಕ್ಷೇತ್ರಕ್ಕೆ ಬರುವ ಮುಂಚೆ ಅವನು ವಿಮೆ ಮಾರುತ್ತಿದ್ದ.

"ಮೂರು ದಿನ, ಡಿಟೆಕ್ಟಿವ್. ಮೂರೇ ದಿನ ಬಿಟ್ಟು ಬನ್ನಿ. ಎಲ್ಲ ಬಾಗಿಲೂ ತೆಗೆದುಕೊಡ್ತೀನಿ."

"ಇವತ್ತು ಯಾವ ಬಾಗಿಲು ತೆಗೆಯೋಕೆ ಕಷ್ಟ?"

ಅವನ ಸಂಬಳದ ಮೇಲಿನ ಬೋನಸ್ ಕರಾರಿನ ನವೀಕರಣಕ್ಕೆ ಅಂಟಿಕೊಂಡಿತ್ತು. ಪೆಟ್ರೊಸ್ಕಿಗೆ ಅಷ್ಟೇ ಸಾಕಾಗಿತ್ತು. "ಇವನೇ. ಎಳೆದು ತರೋಣ." ಟಾಲ್ಬರ್ಟ್ ಬೇಡವೆಂದಳು. ಲಾಭವಿದ್ದವನೇ ಮಾಡಿದ ಎನ್ನುವುದು ಊಹೆ. ಊಹೆಯನ್ನು ಅವಳು ಒಂದು ಸಲ ನಂಬಿ ಕೋರ್ಟಿನಲ್ಲಿ ಸೋತಿದ್ದಳು.

ಅವತ್ತು ಸಂಜೆ ಐದಕ್ಕೆ ಅವಳು ಹಾಲಿಸ್ ಮನೆಗೆ ಹೋದಳು. ಟಮೀಯಾ ಅಡುಗೆಮನೆಯ ಮೇಜಿನ ಮುಂದೆ ಮಕರೋನಿ ಚೀಸ್ ಕೆದಕುತ್ತಾ ಕೂತಿದ್ದಳು. ಟಾಲ್ಬರ್ಟ್ ಮರುಪರೀಕ್ಷೆಯ ಪ್ರಶ್ನೆಗಳನ್ನು ಅವಳ ಮುಂದಿಟ್ಟಳು. ಕೊಟ್ಟ ಉತ್ತರಗಳಿಗೆ ಗುರುತು ಹಾಕಿತ್ತು.

"ಇದರಲ್ಲಿ ಯಾವುದಾದ್ರೂ ನೀನು ಬರೆದದ್ದಾ?"

ಹುಡುಗಿ ಮೊದಲು ನೋಡಲೇ ಇಲ್ಲ. "ನನಗೆ ಓದೋಕೆ ಬರಲ್ಲ."

"ನನಗೂ ಕನ್ನಡಕ ಇಲ್ದೆ ಬರಲ್ಲ. ಮೇಲಿನದು ಒಂದು ಓದಿ ಹೇಳ್ತೀಯಾ?"

ಟಮೀಯಾ ಕಣ್ಣಂಚಿನಲ್ಲಿ ನೋಡಿದಳು. ಮೂರರಲ್ಲಿ ಒಂದು ಭಾಗ ದೊಡ್ಡದೋ, ನಾಲ್ಕರಲ್ಲಿ ಒಂದು ಭಾಗ ದೊಡ್ಡದೋ ಎಂಬ ಪ್ರಶ್ನೆ. ನಾಲ್ಕರಲ್ಲಿ ಒಂದು ಎಂಬುದಕ್ಕೆ ಗುರುತು ಬಿದ್ದಿತ್ತು.

"ಅಯ್ಯೋ, ಗುಂಡಿಗೆ ಬಿದ್ದಿದ್ದಾರೆ."

"ಗುಂಡೀನಾ?"

"ನಾಲ್ಕು ಮೂರಕ್ಕಿಂತ ದೊಡ್ಡದು ಅಂತ ಇದೂ ದೊಡ್ಡದು ಅನ್ಕೊಳ್ಳೋದು. ಟೀಚರ್ಸ್ ಎಲ್ಲ ಹೇಳ್ತಾರೆ, ಪ್ರತಿ ಪ್ರಶ್ನೇಲೂ ಒಂದು ಸುಮ್ಮನೆ ತಪ್ಪು ಇರುತ್ತೆ, ಒಂದು ಗುಂಡಿ ಇರುತ್ತೆ ಅಂತ." ಅವಳು ಚಮಚ ಬಿಟ್ಟು ಕಾಗದ ಎಳೆದುಕೊಂಡಳು. "ಇದೂ ಗುಂಡಿ. ಇದು ಗಡಿಯಾರದ ಗುಂಡಿ, ದೊಡ್ಡ ಮುಳ್ಳನ್ನೇ ಗಂಟೆ ಅನ್ಕೊಳ್ಳೋದು. ಇದು ಕತೇಲಿರೋ ಪದಾನೇ ಉತ್ತರದಲ್ಲಿ ನೋಡಿ ಆರಿಸೋದು. ಅಜ್ಜಿ, ಯಾರಿದು? ಒಂದು ಗುಂಡೀನೂ ಬಿಟ್ಟಿಲ್ಲ!"

"ಕ್ಲಾಸಲ್ಲಿ ಯಾರಾದ್ರೂ ಹೀಗೆ ಎಲ್ಲಾದ್ರಲ್ಲೂ ಬೀಳ್ತಾರಾ?" ಟಾಲ್ಬರ್ಟ್ ಕೇಳಿದಳು.

"ಯಾರಿಗಾಗುತ್ತೆ? ಒಂದೆರಡರಲ್ಲಿ ಬೀಳ್ತೀವಿ. ಇನ್ನೊಂದರಲ್ಲಿ ಸುಮ್ಮನೆ ಏನೋ ಒತ್ತಿಬಿಡ್ತೀವಿ. ಎಲ್ಲಾದ್ರಲ್ಲೂ ಬೀಳ್ಬೇಕಾದ್ರೆ ಎಲ್ಲ ಗೊತ್ತಿರ್ಬೇಕು."

ಹಾಲಿಸ್ ಒಲೆಯ ಕಡೆ ತಿರುಗಿ ನಿಂತು ಏಪ್ರನ್ನಿನಲ್ಲಿ ಮೂಗು ಒರೆಸಿಕೊಂಡಳು. ಹುಡುಗಿ ನವೆಂಬರಿನಿಂದೀಚೆಗೆ ಮನೆಯಲ್ಲಿ ಓದಿದ ಮೊದಲ ಕಾಗದ ಅದು.

ಟಾಲ್ಬರ್ಟ್ ರಾತ್ರಿ ಮನೆಗೆ ಹೋಗುವ ಮುಂಚೆ ಉಳಿದ ಮಕ್ಕಳ ಮರುಪರೀಕ್ಷೆಗಳನ್ನೂ ತೆರೆದು ನೋಡಿದಳು. ಎಲ್ಲದರಲ್ಲೂ ಅದೇ. ತಪ್ಪು ಬೇಕೆಂದು ಕೂತ ಯಾರೇ ಆದರೂ ಕೈಗೆ ಸಿಕ್ಕಿದ್ದನ್ನು ಒತ್ತುತ್ತಿದ್ದರು. ಇಲ್ಲಿ ಒತ್ತಿದವರಿಗೆ ಮಗು ಎಲ್ಲಿ ಎಡವುತ್ತದೆ ಎಂಬುದು ಬಿಟ್ಟು ಬೇರೆ ತಪ್ಪು ತೋಚಿರಲೇ ಇಲ್ಲ.

ಮಂಗಳವಾರ ಬೆಳಿಗ್ಗೆ ಮೂವರನ್ನೂ ಒಬ್ಬೊಬ್ಬರನ್ನಾಗಿ ಠಾಣೆಗೆ ಕರೆಸಲಾಯಿತು. ಮೂವರಿಗೂ ಮಾತಾಡದೇ ಇರುವ ಹಕ್ಕು, ವಕೀಲರನ್ನು ಕರೆಸುವ ಹಕ್ಕು ಓದಿ ಹೇಳಿ ಸಹಿ ಪಡೆಯಲಾಯಿತು. ಮೂವರ ಮುಂದೆಯೂ ಮೂರನೇ ತರಗತಿಯ ಹತ್ತು ಪ್ರಶ್ನೆಗಳ ಹಾಳೆಯಿಟ್ಟು ಟಾಲ್ಬರ್ಟ್ ಒಂದೇ ಮಾತು ಹೇಳಿದಳು: "ಎಲ್ಲದಕ್ಕೂ ತಪ್ಪು ಉತ್ತರ ಕೊಡಿ."

ರೂಡಿ ಸ್ಯಾಲಜಾರ್ ಪೂರ್ತಿ ಓದಲೂ ಇಲ್ಲ. ಎಲ್ಲದಕ್ಕೂ ಮೊದಲ ಉತ್ತರಕ್ಕೇ ಗೀಟು ಹಾಕಿ, ಅದರಲ್ಲಿ ಎರಡು ಸರಿಯಾಗಿಬಿಟ್ಟದ್ದು ಕಂಡು "ಥತ್" ಎಂದ.

ಗೇದರ್ ಸಿಡುಕಿದ. "ಇದೇನು ಆಟ?"

"ಆಟಾನೇ. ಆಡಿ."

ಅವನು ಮೇಲೆ ಕೆಳಗೆ ಮನಸ್ಸಿಗೆ ಬಂದಂತೆ ಗುರುತು ಹಾಕಿದ. ಹತ್ತರಲ್ಲಿ ಗುಂಡಿಗೆ ಬಿದ್ದದ್ದು ಮೂರು.

ಕೊರೀನ್ ಡ್ರಮಂಡ್ ಹನ್ನೊಂದೂವರೆಗೆ ಬಂದಳು. ಐವತ್ತೇಳು ವಯಸ್ಸು, ಸಂಯೋಜಕಿಯಾಗುವ ಮುಂಚೆ ಇಪ್ಪತ್ತೆರಡು ವರ್ಷ ಮೂರನೇ ತರಗತಿಗೆ ಪಾಠ ಮಾಡಿದವಳು. ಕನ್ನಡಕ ಏರಿಸಿ, ಪ್ರತಿ ಪ್ರಶ್ನೆಯನ್ನೂ ತುಟಿಯಲ್ಲೇ ಓದಿಕೊಂಡು, ಅಚ್ಚುಕಟ್ಟಾಗಿ ಗುರುತು ಹಾಕುತ್ತಾ ಹೋದಳು. ಒಂದು ಗುಂಡಿ. ಎರಡು. ಮೂರು. ಆರನೆಯದಕ್ಕೆ ಗುರುತು ಹಾಕಿ ಏಳಕ್ಕೆ ಹೋದ ಪೆನ್ನು ಅಲ್ಲೇ ನಿಂತಿತು. ಅವಳು ಹಿಂದಿನ ಆರನ್ನೂ ಇನ್ನೊಮ್ಮೆ ನೋಡಿದಳು. ಪೆನ್ನನ್ನು ಹಾಳೆಯ ಪಕ್ಕ ನೇರವಾಗಿ ಇಟ್ಟಳು.

"ಇದನ್ನ ನಿಮಗೆ ಯಾರು ತೋರಿಸಿದ್ದು?"

"ಒಂಬತ್ತು ವರ್ಷದ ಹುಡುಗಿ."

"ಟಮೀಯಾ?"

"ಹೆಸರು ನೀವೇ ಹೇಳಿದ್ರಿ, ಮಿಸ್ ಡ್ರಮಂಡ್. ವಕೀಲರನ್ನ ಕರೆಸೋಣವಾ?"

"ಬೇಡ." ಅವಳು ಹಾಳೆಯನ್ನು ಟಾಲ್ಬರ್ಟ್ ಕಡೆಗೆ ತಳ್ಳಿದಳು. "ಅವಳು ಎಲ್ಲದರಲ್ಲೂ ಗುರುತು ಹಿಡಿದ್ಲಾ?"

"ಎಲ್ಲದರಲ್ಲೂ."

"ಹಿಡೀತಾಳೆ," ಎಂದಳು ಡ್ರಮಂಡ್. ಆ ಮಾತಿನಲ್ಲಿ ಇದ್ದದ್ದು ಹೆಮ್ಮೆ ಎಂದು ಗಾಜಿನಾಚೆ ನಿಂತ ಪೆಟ್ರೊಸ್ಕಿಗೂ ತಿಳಿಯಿತು.

"ಯಾಕೆ ಮಾಡಿದ್ರಿ?"

"ನಮ್ಮ ಮಕ್ಕಳು ಚೆನ್ನಾಗಿ ಓದ್ತಾರೆ, ಡಿಟೆಕ್ಟಿವ್. ಅದೇ ಕಷ್ಟ ಆಗಿದ್ದು. ಒಂದನೇ ಕ್ಲಾಸು, ಎರಡನೇ ಕ್ಲಾಸಿನ ಟೀಚರ್ಸ್ ಅಷ್ಟು ಚೆನ್ನಾಗಿ ಕಲಿಸಿಬಿಡ್ತಾರೆ. ಮೂರಕ್ಕೆ ಬರೋಷ್ಟರಲ್ಲಿ ಮೇಲೇ ಇರ್ತಾರೆ. ಮೇಲಿದ್ದವರು ಇನ್ನೆಷ್ಟು ಏರ್ತಾರೆ? ಎರಡು ವರ್ಷ ಸತತ ಮಂಡಳಿಯವರು ಬರೆದ್ರು, ಬೆಳವಣಿಗೆ ಸಾಲದು ಅಂತ. ಮೂರನೇ ಸಲ ಬರೆದ್ರೆ ಮುಚ್ಚಬೇಕು."

"ಫೆಬ್ರವರಿ ಅಂಕ?"

"ಅದನ್ನ ಮುಟ್ಟಿಲ್ಲ. ದೇವರಾಣೆ. ಅದು ಅವರದ್ದೇ. ಸೆಪ್ಟೆಂಬರಿನ ಅಂಕ ಯಾರಿಗೆ ಬೇಕು, ಅದರಿಂದ ಯಾರಿಗೇನು ನಷ್ಟ ಅನ್ಕೊಂಡೆ."

"ಯಾರಿಗೂ ನಷ್ಟ ಇಲ್ವಾ?"

"ಆ ಅಂಕ ನೋಡಿ ಕಂಪ್ಯೂಟರೇ ಮಕ್ಕಳನ್ನ ಹಿಂದುಳಿದವರ ಕೋಣೆಗೆ ಹಾಕುತ್ತೆ ಅನ್ನೋದು ನನಗೆ ಹೊಳೀಲಿಲ್ಲ. ಹೋದ ವರ್ಷದ ತನಕ ಅದನ್ನ ಟೀಚರೇ ತೀರ್ಮಾನ ಮಾಡ್ತಿದ್ರು. ಅಕ್ಟೋಬರಲ್ಲಿ ಆ ಕೋಣೆ ಬಾಗಿಲಲ್ಲಿ ಟಮೀಯಾನ ನೋಡಿದೆ. ದೊಡ್ಡ ಅಕ್ಷರದ ಕಾರ್ಡ್ ಕೈಲಿ ಹಿಡ್ಕೊಂಡು ಕೂತಿದ್ಲು."

"ಆಗ ಹೇಳಬಹುದಿತ್ತು."

"ಹೇಳಬಹುದಿತ್ತು."

"ಐದು ತಿಂಗಳು ಹೇಳಲಿಲ್ಲ."

"ದಿನಾ ಬೆಳಿಗ್ಗೆ ಆ ಬಾಗಿಲ ಮುಂದೆ ಹೋಗದೇ ಇರೋಕೆ ಸುತ್ತು ಹಾಕ್ಕೊಂಡು ಹೋಗ್ತಿದ್ದೆ."

ಹೇಳಿಕೆ ಟೈಪಾಗಿ ಸಹಿಯಾದಾಗ ಎರಡೂಕಾಲು ಗಂಟೆ. ಮಧ್ಯಾಹ್ನ ಎರಡು ನಲವತ್ತಕ್ಕೆ, ಸರ್ಕಾರಿ ದಾಖಲೆ ತಿದ್ದಿದ ಆರೋಪದ ಮೇಲೆ ಕೊರೀನ್ ಡ್ರಮಂಡಳನ್ನು ಬಂಧಿಸಲಾಯಿತು. ಬೆರಳಚ್ಚು ತೆಗೆಯುವಾಗ ಅವಳು ಒಂದೇ ಒಂದು ವಿಷಯ ಕೇಳಿದಳು: ಗುರುವಾರದ ಸಭೆಗೆ ಮೊದಲ ಪರೀಕ್ಷೆಯ ನಿಜವಾದ ಅಂಕಗಳು ಹೋಗುತ್ತವೆಯೇ. ಹೋಗುತ್ತವೆ ಎಂದಳು ಟಾಲ್ಬರ್ಟ್.

ಹೋದವು. ಗುರುವಾರ ಮಂಡಳಿ ಅವುಗಳನ್ನೂ ನೋಡಿತು. ಜಿಲ್ಲೆಯ ಮೂರನೇ ತರಗತಿಗಳಲ್ಲಿ ಕಿಲ್ಬರ್ನ್ ಸ್ಟ್ರೀಟ್ ಮಕ್ಕಳ ಓದು ಎರಡನೇ ಸ್ಥಾನದಲ್ಲಿತ್ತು. ಬೆಳವಣಿಗೆ ನಿಗದಿತ ಮಟ್ಟಕ್ಕಿಂತ ಕಡಿಮೆ ಇತ್ತು. ಎರಡರ ವಿರುದ್ಧ ಐದು ಮತಗಳಿಂದ ಜೂನಿನಲ್ಲಿ ಶಾಲೆ ಮುಚ್ಚುವ ತೀರ್ಮಾನವಾಯಿತು.

ಡ್ರಮಂಡಳ ಹೇಳಿಕೆಯಲ್ಲಿ ಟಾಲ್ಬರ್ಟ್ ಮತ್ತೆ ಮತ್ತೆ ಓದಿದ ಭಾಗವೊಂದಿತ್ತು. ಹದಿನಾಲ್ಕು ವರ್ಷದ ಹಿಂದೆ ಇದೇ ಬೀದಿಯ ಹಳೆಯ ಶಾಲೆ ಮುಚ್ಚಿದಾಗ ಅಲ್ಲಿಯೂ ಅವಳೇ ಮೂರನೇ ತರಗತಿಯ ಟೀಚರ್. ಅವಳ ಮಕ್ಕಳನ್ನು ಊರಿನ ಐದು ಕಡೆಗೆ ಬಸ್ಸಿನಲ್ಲಿ ಹಂಚಿದರು. ಕೆಲವು ವರ್ಷ ಅವಳು ಶನಿವಾರಗಳಂದು ಒಬ್ಬೊಬ್ಬರ ಮನೆಗೆ ಹೋಗಿ ಓದಿಸಿದಳು; ಆಮೇಲೆ ಅವರು ಯಾವ ಶಾಲೆಯಲ್ಲಿದ್ದಾರೆಂದು ಹೇಳುವವರೇ ಸಿಗಲಿಲ್ಲ.

ಶುಕ್ರವಾರ ನಾಲ್ಕು ಗಂಟೆಗೆ ಟಾಲ್ಬರ್ಟ್ ಬ್ಯಾಡ್ಜ್ ಕಾಣುವಂತೆ ಕೋಟಿನ ಮೇಲೆ ಸಿಕ್ಕಿಸಿಕೊಂಡು ಹಾಲಿಸ್ ಮನೆಯ ಬಾಗಿಲು ತಟ್ಟಿದಳು.

"ಟಮೀಯಾ, ಸೆಪ್ಟೆಂಬರಿನ ಆ ಅಂಕ ನಿನ್ನದಲ್ಲ. ನೀನು ಬರೆದ ಪರೀಕ್ಷೇಲಿ ನಾಲ್ಕನೇ ಕ್ಲಾಸಿನ ಅಂಕ ಬಂದಿತ್ತು. ಪೊಲೀಸ್ ಕಡೆಯಿಂದ ಹೇಳ್ತಿದ್ದೀನಿ."

"ಹಾಗಾದ್ರೆ ನಾನು ಬೆಳೀಲೇ ಇಲ್ವಾ?"

"ನೀನು ಆಗಲೇ ಅಲ್ಲಿದ್ದೆ."

"ಮಿಸ್ ಡ್ರಮಂಡ್‌ಗೆ ಗೊತ್ತಿತ್ತಾ, ನಾನು ಅಲ್ಲಿದ್ದೆ ಅಂತ?"

"ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು."

"ಮತ್ತೆ ಯಾಕೆ?"

"ಹೆದರಿದ್ರು. ನಿಮ್ಮನ್ನೆಲ್ಲ ಬೇರೆ ಬೇರೆ ಬಸ್ಸಿಗೆ ಹತ್ತಿಸಿಬಿಡ್ತಾರೆ ಅಂತ."

"ಹತ್ತಿಸ್ತಾರಾ?"

ಟಾಲ್ಬರ್ಟ್ ಅಜ್ಜಿಯ ಕಡೆ ನೋಡಿದಳು.

"ನನ್ನ ನೋಡಿ ಪ್ರಯೋಜನ ಇಲ್ಲ," ಎಂದಳು ಹಾಲಿಸ್. "ನೀನೇ ಹೇಳು. ಅವಳು ಬಿಡೋಳಲ್ಲ."

ಟಾಲ್ಬರ್ಟ್ ಕುರ್ಚಿಯೊಂದನ್ನು ಹುಡುಗಿಯ ಹತ್ತಿರಕ್ಕೆ ಎಳೆದುಕೊಂಡು ಕೂತಳು.

"ಹತ್ತಿಸ್ತಾರೆ," ಎಂದಳು.