ಗೋಡೆಗೆ ಮುಖ ಮಾಡಿ ನಿಂತ ಕಾರು

೧೯೭೨ರ ಡಿಸೆಂಬರ್ ೭, ಗುರುವಾರ, ಬೆಳಗ್ಗೆ ಎಂಟೂವರೆ. ಮಧುರೆಯ ಪಾಪಯ್ಯ ಸೈಕಲ್ ತುಳಿದುಕೊಂಡು ದೊಡ್ಡಬಳ್ಳಾಪುರ ಠಾಣೆಗೆ ಬಂದ. ಪಕ್ಕದ ಮನೆಯ ಗೋಪಾಲಪ್ಪ ತನ್ನ ಹಳೇ ಕಾರಿನ ಮುಂದೆ ನಿಂತು, ಎಂಜಿನ್ ಹತ್ತಿಸಲು ಹ್ಯಾಂಡಲ್ ಹೊಡೆಯುತ್ತಿದ್ದಾಗ ಅದು ಮುನ್ನುಗ್ಗಿ, ಅವನನ್ನು ಕಾಂಪೌಂಡ್ ಗೋಡೆಗೆ ಒತ್ತಿ ಕೊಂದಿತ್ತು. ಅಸಹಜ ಸಾವೆಂದು ದೂರು ಬರೆದುಕೊಂಡು, ಸಬ್ ಇನ್‌ಸ್ಪೆಕ್ಟರ್ ವೆಂಕಟರಮಣಪ್ಪ ಕಾನ್‌ಸ್ಟೇಬಲ್ ಆಂಜಿನಪ್ಪನೊಡನೆ ಜೀಪು ಹತ್ತಿದರು.

ಹೆಣವನ್ನು ಚಾಪೆಯ ಮೇಲೆ ಮಲಗಿಸಿದ್ದರು. ಆದರೆ ಜನ ನೋಡುತ್ತಿದ್ದುದು ಕಾರಿನೊಳಗೆ. ಗೋಪಾಲಪ್ಪನ ಹೆಂಡತಿ ಲಕ್ಷ್ಮೀದೇವಮ್ಮ ಇನ್ನೂ ಡ್ರೈವರ್ ಸೀಟಿನಲ್ಲೇ ಇದ್ದಳು. ಎಡಗಾಲು ಕ್ಲಚ್ಚನ್ನು ಮೆಟ್ಟಿಕೊಂಡೇ ಇತ್ತು.

“ಇಳೀರಮ್ಮ.”

“ಕಾಲು ತೆಗೆದ್ರೆ ಮತ್ತೆ ನುಗ್ಗುತ್ತೆ ಸ್ವಾಮಿ. ನಾನೇ ಕೊಂದ್ಬಿಟ್ಟೆ.”

ದಿನಾ ಬೆಳಗ್ಗೆ ಅವಳ ಕೆಲಸ ಇಷ್ಟೇ: ಕ್ಲಚ್ ಮೆಟ್ಟುವುದು, ಎಂಜಿನ್ ಹತ್ತಿದ ಮೇಲೆ ಕಾಲೆತ್ತುವುದು. ಗೇರನ್ನು ಗಂಡ ಮುಟ್ಟಗೊಡುತ್ತಿರಲಿಲ್ಲ.

“ಅತ್ತಿಗೆ ಸೆರಗು ಗೇರಿಗೆ ಸಿಕ್ಕಿರ್ಬೇಕು ಸಾರ್,” ಎಂದ ಸತ್ತವನ ತಮ್ಮ ಗಂಗಣ್ಣ. ಅವನ ಬಲಗೈ ಮಣಿಕಟ್ಟಿಗೆ ದಪ್ಪನೆಯ ಬಟ್ಟೆ ಸುತ್ತಿತ್ತು. “ದಿನಾ ನಾನೇ ಹ್ಯಾಂಡ್ಲು ಹೊಡಿಯೋನು. ನೆನ್ನೆ ಟೌನಲ್ಲಿ ಅದು ವಾಪಸ್ ಒದ್ದು ಕೈ ಉಳುಕ್ತು. ಅದಕ್ಕೇ ಇವತ್ತು ಅಣ್ಣ ಹೊಡೆದ.”

ಹತ್ತು ಗಂಟೆಗೆ ಪಂಚನಾಮೆ ಶುರುವಾಯಿತು. ವೆಂಕಟರಮಣಪ್ಪ ಕಾರಿನ ಹಿಂದೆ ಕುಕ್ಕರಗಾಲಲ್ಲಿ ಕೂತರು. ಅವರ ಮನೆಯಲ್ಲೂ ನಾಲ್ಕನೇ ಕೈಯ ಒಂದು ಕಾರಿತ್ತು. ಹೆಂಡತಿ, ಮೂರು ಹೆಣ್ಣುಮಕ್ಕಳು ಸೇರಿ ತಳ್ಳಿದರೆ ಹೊರಡುವಂಥದು. ಸೆಲ್ಫ್ ಸ್ಟಾರ್ಟರ್ ಕೆಟ್ಟ ಕಾರನ್ನು ಇಟ್ಟುಕೊಂಡವನು ಅದನ್ನು ಇಳಿಜಾರಿನ ಕಡೆಗೆ ಮುಖ ಮಾಡಿಯೇ ನಿಲ್ಲಿಸುತ್ತಾನೆ. ಇಲ್ಲಿ ಬೀದಿ ಇಳಿಜಾರಾಗಿತ್ತು. ಕಾರು ಗೋಡೆ ನೋಡುತ್ತಿತ್ತು. ಎಂಜಿನ್ ಎಣ್ಣೆ ತೊಟ್ಟಿಕ್ಕಿ ತೊಟ್ಟಿಕ್ಕಿ ವರ್ಷಗಳಿಂದ ಕಪ್ಪುಗಟ್ಟಿದ ಕಲೆ ಈಗ ಹಿಂದಿನ ಡಿಕ್ಕಿಯ ಕೆಳಗಿತ್ತು; ಅಂದರೆ ದಿನಾ ಕಾರಿನ ಮುಖ ಬೀದಿಯ ಕಡೆಗಿರುತ್ತಿತ್ತು.

“ನೆನ್ನೆ ತಂದು ನಿಲ್ಸಿದ್ದು ಯಾರು?”

“ನಾನೇ. ಅಣ್ಣ ಪಂಚಾಯ್ತೀಲಿದ್ದ.”

“ಗೋಡೆ ಕಡೆ ಯಾಕೆ?”

“ಕೈ ನೋವು ಸಾರ್. ಹಂಗೇ ನುಗ್ಗಿಸ್ಬಿಟ್ಟೆ.”

“ಕಟ್ಟು ಬಿಚ್ಚು.”

ಗಂಗಣ್ಣ ಅಲುಗಾಡಲಿಲ್ಲ. ಆಂಜಿನಪ್ಪನೇ ಬಿಚ್ಚಿದ. ಊತವಿರಲಿಲ್ಲ, ಕೆಂಪಿರಲಿಲ್ಲ.

“ಏನಪ್ಪಾ, ನಮ್ಮ ಡ್ರೈವರ್‌ಗೆ ಹ್ಯಾಂಡ್ಲು ಒದ್ದು ಆರು ವಾರ ಪಟ್ಟಿ ಕಟ್ಟಿದ್ರು. ನಿಂದು ಮದುವೆ ಗಂಡಿನ ಕೈ ಇದ್ದಂಗದೆ!” ಎಂದ ಆಂಜಿನಪ್ಪ.

ಗಂಗಣ್ಣನ ಮುಖ ಕಪ್ಪಿಟ್ಟಿತು.

“ಅವರು ಕ್ಲಚ್ ಬಿಟ್ಟ ಕೂಡ್ಲೇ ನುಗ್ಗಲಿ ಅಂತ ಗಾಡೀನ ಗೇರಲ್ಲಿ ಬಿಟ್ಟಿದ್ದು ನೀನೇ?” ವೆಂಕಟರಮಣಪ್ಪ ದನಿ ಏರಿಸಲಿಲ್ಲ.

“ಹೂಂ.”

ಕಾರಿನೊಳಗೆ ಪೆಡಲ್ ಟಪ್ಪೆಂದು ಮೇಲೆದ್ದ ಸದ್ದಾಯಿತು. ಲಕ್ಷ್ಮೀದೇವಮ್ಮ ಬಾಗಿಲು ಹಿಡಿದುಕೊಂಡು ಇಳಿದಳು. ಮರಗಟ್ಟಿದ ಕಾಲು ನಿಲ್ಲಲಿಲ್ಲ. ಮೈದುನನನ್ನು ನೋಡುತ್ತಲೇ ನೆಲಕ್ಕೆ ಕುಸಿದಳು.

ಹನ್ನೊಂದೂ ನಲವತ್ತಕ್ಕೆ ದಸ್ತಗಿರಿ. ಠಾಣೆಯಲ್ಲಿ ಕೊಲೆಯ ಎಫ್‌ಐಆರ್ ದಾಖಲಾಯಿತು. ಆರೋಪಿಯ ಜಾಗದಲ್ಲಿ ಗಂಗಣ್ಣನ ಹೆಸರು, ಲಕ್ಷ್ಮೀದೇವಮ್ಮನದು ಸಾಕ್ಷಿಗಳಲ್ಲಿ ಮೊದಲನೆಯದು.

“ಅತ್ತಿಗೆ ಕಾಲಲ್ಲಿ ಮಾಡಿಸ್ದಲ್ಲೋ?” ಎಂದರು ವೆಂಕಟರಮಣಪ್ಪ.

“ಹೆಂಗಸು, ತಿಳೀದೆ ಆಯ್ತು ಅಂತ ಬಿಟ್ಬಿಡ್ತಾರೆ ಅಂದ್ಕೊಂಡೆ ಸಾರ್.” ಗಂಗಣ್ಣ ಬಿಚ್ಚಿದ ಬಟ್ಟೆಯನ್ನು ಬೆರಳಿಗೆ ಸುತ್ತತೊಡಗಿದ. “ಆರು ವರ್ಷದಲ್ಲಿ ಅಣ್ಣ ನನಗೆ ಸ್ಟೇರಿಂಗ್ ಕೊಟ್ಟಿದ್ದು ನೆನ್ನೆ ಒಂದೇ ದಿನ. ಹೋದ ತಿಂಗ್ಳು ಹೊಸಕೋಟೆಗೆ ನನಗೇ ಹೆಣ್ಣು ನೋಡಕ್ಕೆ ಹೋಗಿದ್ವಿ. ಅವರ ಬಾಗಿಲಲ್ಲೇ ಗಾಡಿ ಆಫಾಯ್ತು, ಇಳಿದು ಹೊಡೆದೆ. ಬಿಳೀ ಶರ್ಟೆಲ್ಲಾ ಮಸಿ. ಕ್ಲೀನರ್ ಅಂದ್ಕೊಂಡು ಜಗಲೀಲಿ ಎಲೆ ಹಾಕಿದ್ರು. ಅಣ್ಣ ಬಂದು ಒಳಗೆ ಕರೀತಾನೆ ಅಂತ ಕೂತಿದ್ದೆ. ಒಳಗಿಂದ್ಲೇ ಕೂಗ್ದ, ‘ಲೇ, ಉಂಡ್ಮೇಲೆ ಹ್ಯಾಂಡ್ಲು ಹೊಡಿ’ ಅಂತ. ಹುಡುಗಿ ಕಿಟಕೀಲಿ ನಿಂತಿದ್ಲು.”