ನಿಯೆವೆಸಳ ಹಾಲು

ಜೂನ್ ಒಂಬತ್ತು, ಸೋಮವಾರ. ಬೆಳಿಗ್ಗೆ ಎಂಟೂವರೆಗೆ ತಾಕೊಪಂಪ ಊರಿನ ಪೊಲೀಸ್ ಠಾಣೆಯ ಬಾಗಿಲು ತೆರೆದಾಗ ಮೆಟ್ಟಿಲ ಮೇಲೆ ಆಗಲೇ ಒಬ್ಬಳು ಕೂತಿದ್ದಳು. ಸಂತೆಯಲ್ಲಿ ಈರುಳ್ಳಿ ಮಾರುವ ಆಸುಂತ. ಮೈಮೇಲೆ ಕಪ್ಪು ಶಾಲು, ಹ್ಯಾಟಿಗೂ ಕಪ್ಪು ಪಟ್ಟಿ. ಒಳಗೆ ಬಂದವಳು ಶಾಲಿನೊಳಗಿಂದ ಹಾಲಿನ ಬಾಟಲಿಯೊಂದನ್ನು ತೆಗೆದು ಇನ್ಸ್‌ಪೆಕ್ಟರ್ ಬೆತ್ಸಾಬೆ ಕಾಮಾಚೊಳ ಮೇಜಿನ ಮೇಲಿಟ್ಟಳು.

“ನನ್ನ ಮೊಮ್ಮಗಳನ್ನ ಸೊಸೆ ಕೊಂದ್ಹಾಕಿದಾಳೆ. ಬರ್ಕೊಳ್ಳಿ.”

“ಹೇಗೆ ಕೊಂದ್ಲು?”

“ನೀವೇ ನೋಡಿ. ಇದನ್ನ ಹಾಲು ಅಂತಾರಾ?”

ಬೆತ್ಸಾಬೆ ಬಾಟಲಿಯನ್ನು ಮೇಜಿನ ಮೇಲಿದ್ದ ಪತ್ರಿಕೆಯ ಮೇಲೆ ಹಿಡಿದಳು. ಅದರ ಮೂಲಕ ತಲೆಬರಹವನ್ನು ಓದಬಹುದಿತ್ತು.

ಮಗುವಿನ ಹೆಸರು ಅರಾಸೆಲಿ, ವಯಸ್ಸು ಮೂರು ತಿಂಗಳು. ಶನಿವಾರ ಜಿಲ್ಲಾಸ್ಪತ್ರೆಯಲ್ಲಿ ಸತ್ತಿತ್ತು. ಪುಡಿಹಾಲಿಗೆ ಮಿತಿಮೀರಿ ನೀರು ಬೆರೆಸಿದ್ದರಿಂದ ರಕ್ತದಲ್ಲಿ ಉಪ್ಪಿನಂಶ ಕುಸಿದಿದೆ, ಜೊತೆಗೆ ಭೇದಿ, ತೀವ್ರ ಅಪೌಷ್ಟಿಕತೆ ಎಂದು ವೈದ್ಯರು ಬರೆದಿದ್ದರು. ತಾಯಿ ನಿಯೆವೆಸ್ ಕಾಯೊಳ ಮೇಲೆ ನಿರ್ಲಕ್ಷ್ಯದಿಂದ ಸಾವಿಗೆ ಕಾರಣಳಾದ ಆರೋಪದಡಿ ಎಫ್‌ಐಆರ್ ದಾಖಲಾಯಿತು. ಬಾಟಲಿಗೆ ಮೊಹರು ಹಾಕಿದರು.

ಹನ್ನೊಂದರ ಹೊತ್ತಿಗೆ ಹೆಡ್ ಕಾನ್‌ಸ್ಟೇಬಲ್ ಕ್ಲೇತೊ ನಿಯೆವೆಸಳನ್ನು ಕರೆತಂದ. ಹತ್ತೊಂಬತ್ತು ವರ್ಷದವಳು. ಗಂಡ ಅರ್ಜೆಂಟೀನಾದಲ್ಲಿ ಗಾರೆ ಕೆಲಸಕ್ಕಿದ್ದ. ಕೂರು ಎಂದರೂ ಅವಳು ಕೂರಲಿಲ್ಲ.

“ಒಂದು ಬಾಟಲಿಗೆ ಎಷ್ಟು ಚಮಚ ಪುಡಿ ಹಾಕ್ಬೇಕು ಅಂತ ಗೊತ್ತಿತ್ತಾ?”

“ಗೊತ್ತಿತ್ತು. ನಾಲ್ಕು.”

“ನೀನು ಹಾಕ್ತಿದ್ದದ್ದು?”

“ಮೊದಲು ನಾಲ್ಕೇ. ಆಮೇಲೆ ಎರಡು. ಕೊನೆಗೆ ಒಂದು.”

“ಯಾಕೆ?”

“ಡಬ್ಬಿ ತಳ ಕಂಡಿತ್ತು. ಇವ್ರು ಅಲ್ಲಿಂದ ಇನ್ನೂ ದುಡ್ಡು ಕಳಿಸಿರ್ಲಿಲ್ಲ. ಬಾಟಲಿ ತುಂಬಿದ್ರೆ ಕೂಸು ಅಳೋದು ನಿಲ್ಲಿಸ್ತಿತ್ತು.”

“ಎದೆಹಾಲು ಕೊಡ್ಬಹುದಿತ್ತಲ್ಲ?”

“ನಂಗೆ ಹಾಲಿಲ್ಲ ಮೇಡಂ.”

ಬೆತ್ಸಾಬೆ ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದಳು. ಹುಡುಗಿಯ ರವಿಕೆಯ ಮುಂಭಾಗದಲ್ಲಿ ಎರಡು ಒದ್ದೆ ಕಲೆಗಳಿದ್ದವು. ಕ್ಲೇತೊ ಗೋಡೆಯ ಕಡೆ ಮುಖ ತಿರುಗಿಸಿದ.

“ಮತ್ತೆ ಇದೇನು?”

“ಅದು ಹಾಲಲ್ಲ. ಬರೀ ನೀರು. ರಾತ್ರಿ ರಚ್ಚೆ ಹಿಡಿದಾಗ ಸುಮ್ನೆ ಬಾಯಿಗೆ ಕೊಡ್ತಿದ್ದೆ ಅಷ್ಟೆ. ಆರೋಗ್ಯ ಕೇಂದ್ರದ ಸಿಸ್ಟರ್ ಕೂಸಿನ ತೂಕ ಹಾಕಿ ತೋರಿಸಿದಾರಲ್ಲ. ನನ್ನ ಕಣ್ಮುಂದೇನೇ.”

ಶುಕ್ರವಾರ ನ್ಯಾಯಾಧೀಶರ ಮುಂದೆ ಹಾಜರಾಗಬೇಕು, ಅಲ್ಲಿಯವರೆಗೆ ಈಗ ಅವಳಿರುವ ಚಿಕ್ಕಮ್ಮನ ಮನೆ ಬಿಟ್ಟು ಎಲ್ಲೂ ಹೋಗಕೂಡದು ಎಂದು ಬರೆಸಿಕೊಂಡು ಅವಳನ್ನು ಕಳಿಸಿದರು. ತಪ್ಪನ್ನು ಅವಳೇ ಒಪ್ಪಿಕೊಂಡಿದ್ದಳು. ಶುಕ್ರವಾರ ಅವಳು ಜೈಲಿಗೆ ಹೋಗುವುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ.

ಮಧ್ಯಾಹ್ನ ಆಸುಂತಳ ಅಡಿಗೆಮನೆಯ ಪಂಚನಾಮೆ ನಡೆಯಿತು. ಒಲೆಯ ಪಕ್ಕದ ಹಲಗೆಯ ಮೇಲೆ ಪುಡಿಹಾಲಿನ ಮೂರು ನೀಲಿ ಡಬ್ಬಿಗಳು, ಮೂರೂ ಖಾಲಿ. ಒಂದರ ಮೇಲೆ ಔಷಧದಂಗಡಿಯ ಬೆಲೆ ಚೀಟಿಯಿತ್ತು. ಉಳಿದೆರಡರ ಮೇಲೆ ಒಂದೊಂದು ಸಾಲನ್ನು ಕಪ್ಪು ಮಸಿಯಿಂದ ಅಳಿಸಲಾಗಿತ್ತು. ಬೆತ್ಸಾಬೆ ಡಬ್ಬಿಯನ್ನು ಬಾಗಿಲ ಬಿಸಿಲಿಗೆ ವಾರೆಯಾಗಿ ಹಿಡಿದಾಗ ಮಸಿಯಡಿಯ ಅಕ್ಷರಗಳು ಕಂಡವು: ಉಚಿತ ಮಾದರಿ, ಮಾರಾಟಕ್ಕಲ್ಲ.

“ಇವು ಎಲ್ಲಿಂದ ಬಂದ್ವು?”

“ಸಿಸ್ಟರ್ ದೆಲಿನಾ ಕೊಟ್ಟಿದ್ದು, ಪುಣ್ಯಾತ್ಗಿತ್ತಿ,” ಎಂದಳು ಆಸುಂತ. “ಮೂರನೇದು ನಾನು ಕೊಂಡೆ. ನಾಲ್ಕನೇದು ನಿನ್ನ ಗಂಡನ್ನ ಕೇಳು ಅಂದೆ ಸೊಸೆಗೆ. ಏನು, ಈರುಳ್ಳಿ ಮಾರಿ ಡಬ್ಬಿ ತರೋಕಾಗತ್ತಾ?”

ಸರ್ಕಾರಿ ಆರೋಗ್ಯ ಕೇಂದ್ರದವರು ಡಬ್ಬಿಹಾಲಿನ ಮಾದರಿ ಹಂಚುವುದು ಕಾನೂನಿಗೆ ವಿರುದ್ಧ. ಕೇಂದ್ರಕ್ಕೆ ಹೊರಟ ಜೀಪಿನಲ್ಲಿ ಕ್ಲೇತೊ ಮಾತು ತೆಗೆದ.

“ಮೊದ್ಲೇ ಹೇಳ್ಬಿಡ್ತೀನಿ ಮೇಡಂ. ಸಿಸ್ಟರ್ ನಂಗೆ ಕೊಮಾದ್ರೆ, ಒಡಹುಟ್ಟಿದವರಿದ್ದ ಹಾಗೆ. ನನ್ನ ಚಿಕ್ಕ ಮಗಳಿಗೆ ಧರ್ಮತಾಯಿ.”

“ಇನ್ಯಾರ್ಯಾರಿಗೆ?”

“ಯಾರಿಗಲ್ಲ ಅಂತ ಕೇಳಿ. ಅರ್ಧ ಊರಿನ ಕೂಸುಗಳಿಗೆ ಜ್ಞಾನಸ್ನಾನದ ಬಟ್ಟೆ ಹಾಕಿದ್ದು ಅವ್ರೇ.”

“ಹಾಗಿದ್ರೆ ನೀವು ಜೀಪಲ್ಲೇ ಕೂತಿರಿ.”

“ಬರ್ತೀನಿ ಬಿಡಿ,” ಎಂದ ಕ್ಲೇತೊ. “ಆಕೆ ಏನೂ ಮಾಡಿರಲ್ಲ ಅನ್ನೋದನ್ನ ನಾನೂ ನೋಡ್ಬೇಕಲ್ಲ.”

ದೆಲಿನಾ ಉಗಾರ್ತೆಗೆ ಐವತ್ತು ದಾಟಿತ್ತು. ಸುಕ್ರೆ ನಗರದಿಂದ ವರ್ಗವಾಗಿ ಬಂದು ಬಹಳ ವರ್ಷಗಳಾಗಿದ್ದವು. ಎದೆಹಾಲೂಡಿಸುವ ತಾಯಂದಿರಿಗೆ ಸಲಹೆ ಕೊಡಲು ಸರ್ಕಾರ ತರಬೇತಿ ಕೊಟ್ಟು ಕಳಿಸಿದ ನರ್ಸ್ ಈಕೆ. ಕೊಠಡಿಯ ಗೋಡೆಯ ತುಂಬ ತಾಯಿಹಾಲಿನ ಚಿತ್ರಗಳು. ಮೇಜಿನ ಮೇಲೆ ಕೂಸುಗಳ ತೂಕದ ಯಂತ್ರ, ಅದರ ಪಕ್ಕೆಯಲ್ಲಿ ಕಿತ್ತುಹಾಕಿದ ಚೀಟಿಯ ಗುರುತು, ಡಬ್ಬಿಗಳದೇ ನೀಲಿ ಬಣ್ಣ.

“ಡಬ್ಬಿ ಕೊಟ್ರಾ?”

“ಕೊಟ್ಟೆ. ಕಂಪನಿಯ ಹುಡುಗ ತಂದಿಟ್ಟು ಹೋಗ್ತಾನೆ. ಹಸಿದ ಕೂಸನ್ನ ನೋಡ್ಕೊಂಡು ಸುಮ್ನಿರೋಕೆ ನಂಗಾಗಲ್ಲ. ದಂಡ ಹಾಕೋದಾದ್ರೆ ಹಾಕಿ.”

“ನಿಯೆವೆಸ್‌ಗೆ ಹಾಲಿಲ್ಲ ಅಂತ ಹೇಗೆ ಗೊತ್ತಾಯ್ತು?”

“ಕುಡಿಸೋ ಮೊದಲು ಒಂದ್ಸಲ ತೂಕ, ಕುಡಿಸಿದ ಮೇಲೆ ಒಂದ್ಸಲ. ಎಷ್ಟು ಹೆಚ್ಚಾಯ್ತೋ ಅಷ್ಟು ಹಾಲು ಒಳಗೆ ಹೋಗಿದೆ ಅಂತ. ಅವಳ ಕೂಸು ಹತ್ತು ಗ್ರಾಂ ಕೂಡ ಏರ್ಲಿಲ್ಲ. ಯಂತ್ರ ಸುಳ್ಳು ಹೇಳತ್ತಾ ಮೇಡಂ?”

ಬೆತ್ಸಾಬೆ ಕ್ಲೇತೊನನ್ನು ಎದುರಿನ ಅಂಗಡಿಗೆ ಕಳಿಸಿ ಒಂದು ಕಿಲೊ ಸಕ್ಕರೆಯ ಪೊಟ್ಟಣ ತರಿಸಿದಳು. ಯಂತ್ರದ ಮೇಲಿಟ್ಟರೆ ಸರಿಯಾಗಿ ಒಂದು ಕಿಲೊ. ಎರಡನೇ ಪೊಟ್ಟಣ ಸೇರಿಸಿದರು. ಎರಡು ಕಿಲೊ. ಯಂತ್ರದಲ್ಲಿ ದೋಷವಿರಲಿಲ್ಲ.

ಕ್ಲೇತೊ ಸಕ್ಕರೆಯನ್ನು ಎತ್ತಿಕೊಂಡ. “ಮನೆಗೆ ಆಯ್ತು ಬಿಡಿ,” ಎಂದು ನಕ್ಕ. ಅವನ ಮುಖದಲ್ಲಿ ನಿರಾಳ ಕಾಣುತ್ತಿತ್ತು.

ಮಂಗಳವಾರ ಬೆತ್ಸಾಬೆ ಸರ್ಕಾರಿ ವಕೀಲರನ್ನು ಕಂಡಳು. ಮಾದರಿ ಹಂಚಿದ್ದಕ್ಕೆ ನರ್ಸಿಗೆ ದಂಡ ಬೀಳುತ್ತದೆ, ಅಷ್ಟೆ. ನೀರು ಬೆರೆಸಿದ್ದು ತಾಯಿ ಎಂದರು. ಅಲ್ಲಿಂದ ಬಂದವಳು ದೆಲಿನಾಳಿಂದ ಡಬ್ಬಿ ಪಡೆದ ಹೆಂಗಸರನ್ನು ಹುಡುಕಿಕೊಂಡು ಹೊರಟಳು. ಯಾರೂ ಸಲೀಸಾಗಿ ಮಾತಾಡಲಿಲ್ಲ. ಕೊಮಾದ್ರೆಯ ವಿರುದ್ಧ ಪೊಲೀಸರ ಮುಂದೆ ಬಾಯಿಬಿಡುವುದೆಂದರೆ ಮಗುವಿನ ತಲೆಯ ಮೇಲಿಟ್ಟ ಕೈಯನ್ನು ಕಡಿದಂತೆ.

ಬ್ರೆಡ್ಡು ಸುಡುವ ಹೆಂಗಸು ಬಾಗಿಲಲ್ಲೇ ನಿಂತು ಹೇಳಿದಳು. “ನನ್ನ ಸ್ವಂತ ಅಕ್ಕ ಅಷ್ಟು ಮಾಡಿಲ್ಲ. ಕೂಸಿನ ಒದ್ದೆ ಬಟ್ಟೆ ಅವ್ರ ಕೈಯಾರೆ ಬದಲಾಯ್ಸಿದ್ರು. ದೊಡ್ಡ ಓದು ಓದಿದವರು! ಹೋಗಿ, ಹೋಗಿ, ಒಲೆ ಆರತ್ತೆ.”

ಬಸ್ ನಿಲ್ದಾಣದಲ್ಲಿ ಜೋಳದ ಗಂಜಿ ಮಾರುವವಳೂ ಬೈದಳು. “ಅಂಥವರ ಮೇಲೆ ಕೇಸಾ? ಹೇಸಿಗೆಗೂ ಅಸಹ್ಯ ಪಡದೆ ಕೂಸನ್ನ ಶುಚಿ ಮಾಡಿ ಕೈಗೆ ಕೊಟ್ಟೋರು. ನಿಮ್ಮ ಠಾಣೇಲಿ ಯಾರಾದ್ರೂ ಮಾಡ್ತೀರಾ?”

ಬುಧವಾರ ಮಧ್ಯಾಹ್ನ ಊಟಕ್ಕೆ ಬನ್ನಿ ಎಂದು ಕ್ಲೇತೊ ಮನೆಗೆ ಕರೆದ. ಅವನ ಹೆಂಡತಿ ಫಿದೇಲಿಯ ಕಡಲೆಬೀಜದ ಸೂಪು ಬಡಿಸಿದಳು. ಮೂಲೆಯಲ್ಲಿ ಚಿಕ್ಕ ಮಗಳು ಬಾಟಲಿ ಕಚ್ಚಿಕೊಂಡು ಮಲಗಿದ್ದಳು. ನೀಲಿ ಡಬ್ಬಿ ಕಿಟಕಿಯಲ್ಲಿತ್ತು.

“ಇವಳನ್ನೂ ಸಿಸ್ಟರ್ ತೂಕ ಹಾಕಿದ್ರಾ?” ಬೆತ್ಸಾಬೆ ಕೇಳಿದಳು.

“ಹೂಂ ಮತ್ತೆ. ಮೇಲಿನ ಇಬ್ರಿಗೂ ನಾನೇ ಕುಡ್ಸಿದ್ದು. ಇವಳ ಸರದೀಲಿ ಬತ್ತಿಹೋಯ್ತು ನೋಡಿ. ವಯಸ್ಸಾಯ್ತಲ್ಲ ಅಂತ ಇವ್ರು ಆಡ್ಕೊಂಡು ನಕ್ರು.”

“ಬಟ್ಟೆ ಬದಲಾಯ್ಸಿದ್ರಾ?”

“ನಿಮಗ್ಯಾರು ಹೇಳಿದ್ರು? ನಾನೇ ಮಾಡ್ತೀನಿ ಅಂದ್ರೂ ಬಿಡ್ಲಿಲ್ಲ ಪಾಪ.”

“ಯಾವಾಗ? ನೆನಪು ಮಾಡ್ಕೊಂಡು ಹೇಳಿ. ಮೊದಲನೇ ತೂಕಕ್ಕೆ ಮುಂಚೇನಾ?”

“ಇಲ್ಲ. ಮೊದಲನೇದು ಬಂದ ಹಾಗೇ, ಉಟ್ಟ ಬಟ್ಟೇಲೇ. ಮನೆಯಿಂದ ನಡ್ಕೊಂಡು ಹೋಗೋಷ್ಟರಲ್ಲಿ ಪೂರ್ತಿ ನೆಂದಿತ್ತು. ಆಮೇಲೆ ಕುಡಿಸ್ದೆ. ಕುಡಿಸಿದ ಮೇಲೆ ಸಿಸ್ಟರ್ ಕೂಸನ್ನ ತಗೊಂಡು, ಅಯ್ಯೋ ನೆಂದಿದಾಳಲ್ಲೇ ಅಂತ ಒಣ ಬಟ್ಟೆ ಹಾಕಿ…”

“ಆಮೇಲೆ ಎರಡನೇ ತೂಕ.”

“ಹೂಂ. ಆಮೇಲೆ ಎರಡನೇ ತೂಕ.”

ಕ್ಲೇತೊನ ಚಮಚ ತಟ್ಟೆಯ ಮೇಲೇ ನಿಂತಿತು. ಅವನು ಹೆಂಡತಿಯ ಮುಖ ನೋಡಿದ, ಆಮೇಲೆ ಕಿಟಕಿಯ ಡಬ್ಬಿ ನೋಡಿದ.

“ಒದ್ದೆ ಬಟ್ಟೆ ಎಷ್ಟು ತೂಗತ್ತೆ?” ಎಂದ.

ಫಿದೇಲಿಯ ಇನ್ನೂ ಅರ್ಥವಾಗದೆ ಸೂಪಿನ ಪಾತ್ರೆ ಹಿಡಿದು ನಿಂತಿದ್ದಳು.

ಗುರುವಾರ ಬೆಳಿಗ್ಗೆ ಒಂಬತ್ತೂವರೆ. ಕೇಂದ್ರದ ವೈದ್ಯರ ಒಪ್ಪಿಗೆ ಪಡೆದು ಬೆತ್ಸಾಬೆ, ಕ್ಲೇತೊ ಮತ್ತು ಪಂಚರಾಗಿ ಬಂದ ಇಬ್ಬರು ಶಾಲಾ ಶಿಕ್ಷಕಿಯರು ಪಕ್ಕದ ಚುಚ್ಚುಮದ್ದಿನ ಕೊಠಡಿಯ ಪರದೆಯ ಹಿಂದೆ ನಿಂತರು. ಚೊಚ್ಚಲ ಬಾಣಂತಿಯೊಬ್ಬಳು ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಬಂದಳು. ದೆಲಿನಾ ಅವಳ ಶಾಲಿನ ಗಂಟು ಬಿಚ್ಚಿ, ಕೂಸನ್ನು ಇಳಿಸಿ, ಉಟ್ಟ ಬಟ್ಟೆಯಲ್ಲೇ ಯಂತ್ರದ ಮೇಲಿಟ್ಟಳು. ನಾಲ್ಕು ಕಿಲೊ ಮುನ್ನೂರ ಹತ್ತು ಗ್ರಾಂ. ತಾಯಿ ಕುಡಿಸಿದಳು. ಕೂಸು ಗಟಗಟ ನುಂಗುವ ಸದ್ದು ಪರದೆಯ ಹಿಂದಕ್ಕೂ ಕೇಳುತ್ತಿತ್ತು.

“ಕೊಡು ಇಲ್ಲಿ ಬಂಗಾರಿ,” ಎಂದಳು ದೆಲಿನಾ. “ಅಯ್ಯೋ, ಎಲ್ಲಾ ನೆನೆಸ್ಕೊಂಡಿದೀಯಲ್ಲೋ ಕಳ್ಳ!” ಒದ್ದೆ ಬಟ್ಟೆ ಬಕೆಟ್ಟಿಗೆ ಬಿತ್ತು. ಒಣ ಬಟ್ಟೆ ಸುತ್ತಿ ಕೂಸನ್ನು ಮತ್ತೆ ಯಂತ್ರದ ಮೇಲಿಟ್ಟಳು. ನಾಲ್ಕು ಕಿಲೊ ಮುನ್ನೂರ ಇಪ್ಪತ್ತು.

“ಹತ್ತು ಗ್ರಾಂ ಕಣಮ್ಮ,” ಎಂದಳು ಮೆಲ್ಲಗೆ. “ಬೇಜಾರಾಗ್ಬೇಡ. ಎಷ್ಟೋ ಜನಕ್ಕೆ ಹೀಗಾಗತ್ತೆ. ಬರ್ತಿರೋದು ಬರೀ ನೀರು. ನಾನಿದೀನಲ್ಲ.”

ಬಾಣಂತಿಯ ಕಣ್ಣು ತುಂಬಿತು. ಬೆತ್ಸಾಬೆ ಪರದೆ ಸರಿಸಿ ಹೊರಬಂದಳು. ಕೂಸಿನ ಒಣ ಬಟ್ಟೆ ತೆಗೆದು ಪಕ್ಕಕ್ಕಿಟ್ಟಳು. ಬಕೆಟ್ಟಿಗೆ ಕೈಹಾಕಿ ಒದ್ದೆ ಬಟ್ಟೆಯನ್ನು ಎತ್ತಿ ಯಂತ್ರದ ಮೇಲೆ ಕೂಸಿನ ಕಾಲ ಬಳಿ ಇಟ್ಟಳು. ಅಂಕಿ ಏರಿ ನಿಂತಿತು. ನಾಲ್ಕು ಕಿಲೊ ಮುನ್ನೂರ ಎಂಬತ್ತು.

“ಓದಿ,” ಎಂದಳು ಪಂಚರಿಗೆ.

ಹಿರಿಯ ಶಿಕ್ಷಕಿ ಓದಿದಳು. “ಎಪ್ಪತ್ತು ಗ್ರಾಂ ಹಾಲು ಕುಡಿದಿದೆ ಮಗು,” ಎಂದಳು, ಶಾಲೆಯ ದನಿಯಲ್ಲೇ.

ಬಾಣಂತಿ ಸರಕ್ಕನೆ ಕೂಸನ್ನು ಎತ್ತಿಕೊಂಡು ಗೋಡೆಗೆ ಆತುಕೊಂಡಳು. ದೆಲಿನಾ ಕೈ ಒರೆಸಿಕೊಂಡಳು. ಓಡಲಿಲ್ಲ, ವಾದಿಸಲಿಲ್ಲ. ಕ್ಲೇತೊನತ್ತ ನೋಡಿ, “ಪುಟ್ಟಿ ಹೇಗಿದಾಳೆ?” ಎಂದಳು.

“ನನ್ನ ಮಗಳ ಹೆಸರು ಎತ್ತಬೇಡಿ,” ಎಂದ ಅವನು. ಕೋಳ ತೊಡಿಸಿದ್ದು ಅವನೇ. ಹತ್ತು ಗಂಟೆ ಐದು ನಿಮಿಷ.

ದೆಲಿನಾಳ ಬಾಡಿಗೆ ಕೋಣೆಯ ಶೋಧನೆಯಲ್ಲಿ ಕಂಪನಿಯ ದುಡ್ಡು ಸಿಗುತ್ತದೆಂದು ಎಲ್ಲರೂ ಎಣಿಸಿದ್ದರು. ಸಿಗಲಿಲ್ಲ. ಒಂದು ಮಂಚ, ಒಂದು ಸ್ಟೌ, ಮಂಚದ ಕೆಳಗೆ ರಟ್ಟಿನ ಪೆಟ್ಟಿಗೆಗಳಲ್ಲಿ ನೀಲಿ ಡಬ್ಬಿಗಳು. ಗೋಡೆಯ ತುಂಬ ಜ್ಞಾನಸ್ನಾನದ ಫೋಟೊಗಳು, ಪ್ರತಿಯೊಂದರಲ್ಲೂ ಬೇರೆ ಬೇರೆ ಕೂಸನ್ನು ಎತ್ತಿಕೊಂಡು ನಿಂತ ದೆಲಿನಾ. ಕ್ಲೇತೊ ತನ್ನ ಮಗಳಿದ್ದ ಫೋಟೊದ ಮುಂದೆ ನಿಂತ. ಅದನ್ನು ತೆಗೆಯಲಿಲ್ಲ. ಕುರ್ಚಿಯ ಬೆನ್ನಿಗೆ ಕೂಸಿನ ಹೊಸ ಬಿಳಿ ಲಂಗವೊಂದು ತೂಗುತ್ತಿತ್ತು. ಅದಕ್ಕೆ ಚುಚ್ಚಿದ ಚೀಟಿಯಲ್ಲಿ ಅರಾಸೆಲಿ ಎಂಬ ಹೆಸರಿತ್ತು. ಇದೇ ತಿಂಗಳ ಸಾನ್ ಹುವಾನ್ ಹಬ್ಬಕ್ಕೆ ನಿಗದಿಯಾಗಿದ್ದ ಜ್ಞಾನಸ್ನಾನಕ್ಕೆಂದು ತಂದದ್ದು. ಪಂಚನಾಮೆಯಲ್ಲಿ ಅದನ್ನೂ ಸೇರಿಸಿದರು: ಬಿಳಿ ಲಂಗ, ಒಂದು.

ಕಂಪನಿಯ ಹುಡುಗನ ಮೇಲೂ ಕೇಸಾಯಿತು. ಅಂದೇ ಸಂಜೆ ಅವನು ಜಾಮೀನಿನ ಮೇಲೆ ಹೊರಬಂದ. ನರ್ಸ್ ಏನು ಮಾಡಿದಳೋ ನಮಗೆ ತಿಳಿಯದು ಎಂದು ಕಂಪನಿಯ ವಕೀಲರು ಒಂದು ಪುಟದ ಹೇಳಿಕೆ ಕಳಿಸಿದರು.

ದೆಲಿನಾಳ ಹೇಳಿಕೆಯೂ ದೊಡ್ಡದಾಗಿರಲಿಲ್ಲ.

“ಬಂದ ಹೊಸದರಲ್ಲಿ ಸರಿಯಾಗಿಯೇ ಹೇಳ್ತಿದ್ದೆ. ಕುಡಿಸಮ್ಮ, ಬರತ್ತೆ ಅಂತ. ಬರ್ತಿತ್ತು. ಬಂದ್ಮೇಲೆ ಅತ್ತೆ ಮಾಡಿದ ಗಂಜಿಯಿಂದ ಬಂತು, ದೇವಮಾತೆಯ ದಯೆಯಿಂದ ಬಂತು ಅನ್ನೋರು. ಬೀದೀಲಿ ಸಿಕ್ರೆ ನನ್ನ ಗುರುತೂ ಹಿಡೀತಿರ್ಲಿಲ್ಲ. ಒಂದ್ಸಲ ಒಬ್ಬಳಿಗೆ ಡಬ್ಬಿ ಕೊಟ್ಟೆ. ಮಾರನೇ ಭಾನುವಾರ ಅವಳು ಗಂಡನ್ನ ಕರ್ಕೊಂಡು ಆಲೂಗಡ್ಡೆ ಹೊತ್ಕೊಂಡು ನನ್ನ ಕೋಣೆ ಹುಡುಕ್ಕೊಂಡು ಬಂದ್ಲು. ಧರ್ಮತಾಯಿ ಆಗಿ ಅಂತ ಕೇಳಿದ್ಲು. ಅಲ್ಲೀವರೆಗೆ ಈ ಊರಲ್ಲಿ ನನ್ನ ಬಾಗಿಲು ತಟ್ಟಿದವರಿಲ್ಲ.”

“ಡಬ್ಬಿ ಮುಗಿದ ಮೇಲೆ ಕೂಸಿನ ಗತಿ?”

“ಕೊಂಡ್ಕೊಳ್ತಾರೆ ಅಂದ್ಕೊಂಡೆ.” ಆಮೇಲೆ ತಾನೇ ತಿದ್ದಿದಳು, “ಇಲ್ಲ, ಅದನ್ನ ಯೋಚಿಸೋಕೇ ಹೋಗ್ಲಿಲ್ಲ.”

ಬೆತ್ಸಾಬೆ ಅದನ್ನು ಇದ್ದಂತೆಯೇ ಬರೆದುಕೊಂಡಳು.

ಶುಕ್ರವಾರ ಸರ್ಕಾರಿ ವಕೀಲರು ನಿಯೆವೆಸ್ ಕಾಯೊಳ ಹೆಸರನ್ನು ಆರೋಪದಿಂದ ಕೈಬಿಟ್ಟರು. ಸಂಜೆ ಅವಳು ಸಹಿ ಹಾಕಲು ಠಾಣೆಗೆ ಬಂದಳು. ಆಸುಂತಳೂ ಬಂದಿದ್ದಳು, ಒಳಗೆ ಬರದೆ ಗೇಟಿನ ಬಳಿ ನಿಂತಿದ್ದಳು. ಬೆತ್ಸಾಬೆ ಕಾಗದ ಮುಂದಿಟ್ಟು, ಒದ್ದೆ ಬಟ್ಟೆಯ ವಿಷಯವನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಹೇಳದೆ ಕಳಿಸಬಹುದಿತ್ತು. ಆದರೆ ಹುಡುಗಿಯ ಬಿಡುಗಡೆಗೆ ಕಾರಣವಾದದ್ದು ಅದೊಂದೇ. ನಾಳೆ ಸಂತೆಯಲ್ಲಿ ಬೇರೆ ಯಾರಾದರೂ ಹೇಳಿಯೇ ಬಿಡುತ್ತಿದ್ದರು.

ನಿಯೆವೆಸ್ ಸಹಿ ಹಾಕಿ ಪೆನ್ನು ಕೆಳಗಿಟ್ಟಳು.

“ಹಾಗಾದ್ರೆ ನಂಗೆ ಹಾಲಿತ್ತಾ?”

“ಇತ್ತು.”

“ಸಾಕಾಗೋಷ್ಟು?”

“ಸಾಕಾಗೋಷ್ಟು.”

ಅವಳು ತನ್ನ ರವಿಕೆಯತ್ತ ಬಗ್ಗಿ ನೋಡಿದಳು. ಇವತ್ತೂ ಒದ್ದೆಯಿತ್ತು. ಒಂದು ಬೆರಳಿನಿಂದ ಅದನ್ನು ಮುಟ್ಟಿದಳು.

“ಇದು?”

“ಅದೇ,” ಎಂದಳು ಬೆತ್ಸಾಬೆ.

ನಿಯೆವೆಸ್ ಅಳಲಿಲ್ಲ. ತೋಳ ಮೇಲಿದ್ದ ಶಾಲನ್ನು ಕೊಡವಿ ಬೆನ್ನಿಗೆ ಹಾಕಿಕೊಂಡಳು. ಎರಡು ತುದಿಗಳನ್ನು ಎದೆಯ ಮೇಲೆ ತಂದು, ಒದ್ದೆ ಕಾಣದಂತೆ ಬಿಗಿಯಾಗಿ ಗಂಟು ಹಾಕಿದಳು. ಕೂಸನ್ನು ಹೊತ್ತವರು ಹಾಕುವ ಗಂಟು ಅದು. ಹೊರಡುವ ಮುನ್ನ ಒಂದು ಕೈಯನ್ನು ಹಿಂದಕ್ಕೆ ಒಯ್ದು ಶಾಲಿನ ಜೋಲಿಯನ್ನು ಸರಿಪಡಿಸಿಕೊಂಡಳು. ಆಮೇಲೆ ಕೈ ಇಳಿಸಿ, ಗೇಟಿನ ಕಡೆ ನಡೆದಳು.